ಓವನ್, ಉಪ್ಪಿನಕಾಯಿ ಮತ್ತು ದೊಡ್ಡಪ್ಪನ ಫಾರ್ವರ್ಡ್

ಭಾನುವಾರ ನಮ್ಮ ‘ಮನೆ ಮಂದಿ’ ಗುಂಪಿನಲ್ಲಿ ನಡೆದದ್ದು. ಗುಡ್ ಮಾರ್ನಿಂಗ್ ಗುಲಾಬಿಗಳನ್ನು ತೆಗೆದು ಉಳಿದದ್ದನ್ನು ಹಾಕಿದ್ದೇನೆ.

ದೊಡ್ಡಪ್ಪ: (ಫಾರ್ವರ್ಡ್) ಎಚ್ಚರ! ಬ್ಲೂಟೂತ್ ಇಯರ್‌ಬಡ್ಸ್ ಕಿವಿಗೆ ಹಾಕುವುದೂ ಒಂದೇ, ಮೈಕ್ರೋವೇವ್ ಓವನ್ನಿನೊಳಗೆ ತಲೆ ಇಡುವುದೂ ಒಂದೇ! ಹತ್ತು ಜನರಿಗೆ ಕಳಿಸಿ.

ದೊಡ್ಡಪ್ಪ: ನಮ್ಮನೆ ಹುಡುಗ ಊಟಕ್ಕೆ ಕೂತರೂ ತೆಗೆಯುವುದಿಲ್ಲ. ಓದಲಿ.

ವಿನಯ: ಮೂಲ ಎಲ್ಲಿ ದೊಡ್ಡಪ್ಪ? ಯಾರು ಹೇಳಿದ್ದು?

ದೊಡ್ಡಪ್ಪ: ನಮ್ಮ ಹೆಡ್‌ಮಾಸ್ಟರು ಕಳಿಸಿದ್ದು. ಸುಳ್ಳು ಹೇಳುವವರಲ್ಲ.

ವಿನಯ: ಎರಡರ ಅಲೆಗಳ ಆವರ್ತನವೂ 2.4 ಗಿಗಾಹರ್ಟ್ಸ್ ಆಸುಪಾಸು, ಅಷ್ಟು ನಿಜ. ಆದರೆ ಓವನ್ 800 ವ್ಯಾಟ್, ಇಯರ್‌ಬಡ್ಸ್ ಕೆಲವೇ ಮಿಲಿವ್ಯಾಟ್, ಅಂದರೆ ವ್ಯಾಟಿನ ಸಾವಿರದಲ್ಲಿ ಕೆಲವೇ ಪಾಲು. ಫೋನನ್ನೇ ಕಿವಿಗೆ ಒತ್ತಿ ಮಾತಾಡಿದರೆ ಇದಕ್ಕಿಂತ ಜಾಸ್ತಿ.

ಶ್ರೀಧರ ಮಾವ: ದೊಡ್ಡವರು ಒಳ್ಳೆಯದಕ್ಕೇ ಹೇಳುತ್ತಾರೆ. ಎದುರಾಡುವುದನ್ನು ಕಲಿಸಿದ್ದು ಯಾರೋ.

ದೊಡ್ಡಪ್ಪ: ವಿಶ್ವ ಆರೋಗ್ಯ ಸಂಸ್ಥೆಯೇ ಕ್ಯಾನ್ಸರ್ ಪಟ್ಟಿಗೆ ಸೇರಿಸಿದೆಯಂತೆ!

ವಿನಯ: 2011ರಲ್ಲಿ, ರೇಡಿಯೋ ಅಲೆಗಳನ್ನು, ‘2ಬಿ’ ಗುಂಪಿಗೆ. ‘ಇದ್ದರೂ ಇರಬಹುದು, ಪುರಾವೆ ಸಾಲದು’ ಅನ್ನುವ ಗುಂಪು ಅದು. ಏಷ್ಯಾದ ಉಪ್ಪಿನಕಾಯಿಯೂ ಅದರಲ್ಲಿದೆ.

ಕೊನೆಯ ಸಾಲು ಬೇಕಿರಲಿಲ್ಲ.

ಲಲಿತತ್ತೆ: ಯಾರ ಉಪ್ಪಿನಕಾಯಿ?

ವಿನಯ: ಅಯ್ಯೋ ಅತ್ತೆ, ಅದು ಚೀನಾ, ಜಪಾನ್ ಕಡೆಯದು.

ಲಲಿತತ್ತೆ: ಹೋದ ವರ್ಷ ಅಪ್ಪೆಮಿಡಿ ಒಯ್ದಾಗ ಈ ಮಾತು ಬರಲಿಲ್ಲ. ಭರಣಿಯೂ ವಾಪಸ್ ಬರಲಿಲ್ಲ.

ಸುಧಾ: ಬ್ಲೂಟೂತ್ ಅಂದರೆ ನನಗೆ ಅಜ್ಜನ ಮನೆ ಜಗಲಿಯೇ ನೆನಪಾಗುತ್ತದೆ. ಎರಡು ನೋಕಿಯಾ ಒತ್ತಿಗಿಟ್ಟು ಒಂದು ರಿಂಗ್‌ಟೋನಿಗೆ ಕಾಯುವುದು. ಇನ್ನೇನು ಬಂತು ಅನ್ನುವಾಗ ಯಾರೋ ಫೋನ್ ಎತ್ತಿಕೊಂಡು ಓಡುವುದು. ‘ಡೆವಿಲ್ ಬಾಯ್’ ಅಂತ ಫೋನಿಗೆ ಹೆಸರಿಟ್ಟವರು ಯಾರು ವಿನಯ?

ವಿನಯ: ವಿಷಯಕ್ಕೆ ಬಾ.

ದೊಡ್ಡಪ್ಪ: ಓವನ್ ಹಾಕಿದ ಕೂಡಲೇ ನನ್ನ ಇಯರ್‌ಫೋನ್ ಕರಕರ ಅನ್ನುತ್ತದೆ. ಅಡುಗೆಮನೆಯಲ್ಲೇ ಪುರಾವೆ ಇದೆ. ಇದಕ್ಕೇನಂತೀಯ?

ವಿನಯ: ಓವನ್ನಿಂದ ಚೂರು ಅಲೆ ಸೋರುತ್ತದೆ, ಬ್ಲೂಟೂತ್ ಸಿಗ್ನಲ್ ಅದರಲ್ಲಿ ಕಲಸಿಹೋಗುತ್ತದೆ, ಅಷ್ಟೇ. ದೂರ ನಿಂತು ನೋಡಿ. ವೈಫೈಯೂ 2.4ರಲ್ಲೇ ಇದ್ದರೆ ಅದನ್ನು 5 ಗಿಗಾಹರ್ಟ್ಸ್‌ಗೆ ಹಾಕಿದರೂ ಗಲಾಟೆ ಕಡಿಮೆ. ಫೋನನ್ನು ಹಿಂದಿನ ಜೇಬಿನಲ್ಲಿ ಇಡಬೇಡಿ, ಮೈಯೇ ಸಿಗ್ನಲ್ ತಡೆಯುತ್ತದೆ.

ಗಿರೀಶ ಭಾವ: ಬ್ಲೂಟೂತಿನಿಂದ ಅಪಾಯವೇ ಇಲ್ಲ ಅನ್ನಬೇಡಪ್ಪ. ತೀರ್ಥಹಳ್ಳಿ ಮದುವೆಗೆ ಹೋಗುವಾಗ ಭಜನೆ ಹಾಕಲು ಅತ್ತೆಯ ಫೋನನ್ನು ನನ್ನ ಕಾರಿಗೆ ಜೋಡಿಸಿದ್ದೆವು. ಅಷ್ಟರಲ್ಲಿ ಮಾವನ ಕರೆ ಬಂತು. ‘ಗಿರೀಶ ಪೆಟ್ರೋಲ್ ದುಡ್ಡು ಕೇಳಿದರೆ ಕೇಳಿಸದ ಹಾಗೆ ಇರು’ ಅಂದದ್ದು ನಾಲ್ಕು ಸ್ಪೀಕರಿನಲ್ಲೂ ಕೇಳಿಸಿತು.

ಶ್ರೀಧರ ಮಾವ: ಈ ಸಂದೇಶವನ್ನು ಅಳಿಸಲಾಗಿದೆ.

ಶ್ರೀಧರ ಮಾವ: ತಮಾಷೆಗೆ ಹೇಳಿದ್ದು.

ಪ್ರಿಯಾ: ಎಲ್ಲರೂ ಸ್ವಲ್ಪ ಕೇಳಿ. ಕಿವಿಗೆ ಕೆಟ್ಟದ್ದು ಸೌಂಡು. 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಸ್ಸಿನ ಗದ್ದಲ ಮುಚ್ಚಲು ಫುಲ್ ವಾಲ್ಯೂಮ್ ಇಡಬೇಡಿ. ಬ್ಲೂಟೂತಿನಲ್ಲಿ ಗುರುತಿಲ್ಲದ ಪೇರಿಂಗ್ ರಿಕ್ವೆಸ್ಟ್ (ಫೋನಿಗೆ ಜೋಡಿಸಿಕೊಳ್ಳುವ ಕೋರಿಕೆ) ಬಂದರೆ ಒಪ್ಪಬೇಡಿ. ಬಾಡಿಗೆ ಕಾರು ವಾಪಸ್ ಕೊಡುವಾಗ ಅದರಲ್ಲಿರುವ ನಿಮ್ಮ ಫೋನಿನ ಹೆಸರು ಅಳಿಸಿ. ಕಾಂಟ್ಯಾಕ್ಟ್ ಪಟ್ಟಿ ಅದರಲ್ಲೇ ಉಳಿದುಬಿಡಬಹುದು.

ಇಡೀ ಚರ್ಚೆಯಲ್ಲಿ ಉಪಯೋಗಕ್ಕೆ ಬರುವ ಮೆಸೇಜ್ ಇದೊಂದೇ. ಯಾರೂ ಹೆಬ್ಬೆರಳು ಕೂಡ ಎತ್ತಲಿಲ್ಲ.

ಗಿರೀಶ ಭಾವ: ತಮಾಷೆಯಾದರೆ ದುಡ್ಡು?

ಲಲಿತತ್ತೆ: ಅದು ಬಿಡಿ. ಈ ಸಲ ಮಿಡಿ ಬೇಕಾದವರು ಹೆಸರು ಹೇಳಿ.

ದೊಡ್ಡಪ್ಪ: ನನಗೆ ಎರಡು ಭರಣಿ.

ವಿನಯ: ಅತ್ತೆ, ನನಗೂ ಒಂದು.

ಲಲಿತತ್ತೆ: ಹಳೇ ಭರಣಿ ಎಲ್ಲಿ?