‘ಕಾನ್ಫೆಡರೇಷನ್’ ಎಂಬುದನ್ನು ‘ಒಕ್ಕೂಟ’ ಎನ್ನಬಹುದೇ?

ಮಾನ್ಯರೇ,

ಅಮೆರಿಕದ ಹದಿಮೂರು ರಾಜ್ಯಗಳು ಬ್ರಿಟನ್ನಿನ ಆಳ್ವಿಕೆ ಕಳಚಿಕೊಂಡು ಮೊದಲು ಮಾಡಿಕೊಂಡ ಆಡಳಿತದ ಏರ್ಪಾಟಿನ ಬಗ್ಗೆ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. 1777ರಲ್ಲಿ ಒಪ್ಪಿತವಾಗಿ 1781ರಲ್ಲಿ ಜಾರಿಗೆ ಬಂದ ಆ ದಸ್ತಾವೇಜಿನ ಹೆಸರು ‘ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಅಂಡ್ ಪರ್ಪೆಚುಯಲ್ ಯೂನಿಯನ್’. ಕಾನ್ಫೆಡರೇಷನ್, ಯೂನಿಯನ್ ಎರಡಕ್ಕೂ ನಮಗೆ ಮೊದಲು ನೆನಪಾಗುವುದು ‘ಒಕ್ಕೂಟ’ವೇ ಆದ್ದರಿಂದ, ಅದು ‘ಒಕ್ಕೂಟ ಮತ್ತು ಶಾಶ್ವತ ಒಕ್ಕೂಟದ ವಿಧಿಗಳು’ ಎಂದಾಗಿ, ಓದುವ ವಿದ್ಯಾರ್ಥಿಗೆ ಏನೂ ತಿಳಿಯದಂತಾಗುತ್ತದೆ.

ತೊಡಕು ಶೀರ್ಷಿಕೆಯದಷ್ಟೇ ಅಲ್ಲ. ಭಾರತವನ್ನು ‘ರಾಜ್ಯಗಳ ಒಕ್ಕೂಟ’ ಎನ್ನುವಾಗ, ಅದನ್ನು ಬಿಟ್ಟುಹೋಗುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲವೆಂಬ ಅರ್ಥ ಅದರಲ್ಲಿ ಅಡಗಿದೆ. 1948ರಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಇದನ್ನು ಬಿಡಿಸಿ ಹೇಳಿದ್ದರು. ಹೆಸರಿನಲ್ಲಿ ‘ಶಾಶ್ವತ’ ಎಂದಿದ್ದರೂ ಅಮೆರಿಕದ ಮೊದಲ ಏರ್ಪಾಟಿಗೆ ಇಂಥ ಬಿಗಿ ಇರಲಿಲ್ಲ. ಪ್ರತಿ ರಾಜ್ಯವೂ ತನ್ನ ಸಾರ್ವಭೌಮತ್ವವನ್ನು ಉಳಿಸಿಕೊಳ್ಳುತ್ತದೆ ಎಂದೇ ಅದರ ಎರಡನೆಯ ವಿಧಿ ಹೇಳುತ್ತದೆ. ರಾಜ್ಯಗಳ ಪ್ರತಿನಿಧಿಗಳ ಸಭೆಯಾದ ‘ಕಾಂಗ್ರೆಸ್’ನಲ್ಲಿ, ದೊಡ್ಡದಿರಲಿ ಚಿಕ್ಕದಿರಲಿ, ರಾಜ್ಯಕ್ಕೊಂದೇ ಮತ. ಮುಖ್ಯ ನಿರ್ಣಯಗಳಿಗೆ 9 ರಾಜ್ಯಗಳ ಒಪ್ಪಿಗೆ. ತಿದ್ದುಪಡಿಗೆ ಹದಿಮೂರೂ ರಾಜ್ಯಗಳ ಒಪ್ಪಿಗೆ. ಹಾಗಾಗಿಯೇ ಆಮದಿನ ಮೇಲೆ ಶೇ 5ರ ಸುಂಕ ಹಾಕುವ ತಿದ್ದುಪಡಿಯ ಪ್ರಸ್ತಾವ 1782ರಲ್ಲಿ ಪುಟ್ಟ ರೋಡ್ ಐಲೆಂಡ್ ಒಲ್ಲೆನೆಂದ ಕಾರಣಕ್ಕೆ ಬಿದ್ದುಹೋಯಿತು.

ಹಣದ ವಿಷಯದಲ್ಲಿಯೂ ಪದವನ್ನು ತೂಗಿ ಬಳಸಬೇಕಾಗಿದೆ. ಕೇಂದ್ರದ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ಅದು ರಾಜ್ಯಗಳಿಂದ ಹಣ ಕೇಳಬೇಕಿತ್ತು. ಆ ‘ರಿಕ್ವಿಸಿಷನ್’ ಅನ್ನು ‘ವಂತಿಗೆ’ ಎನ್ನುವುದೇ ಸರಿಯೆಂದು ನನಗೆ ತೋರುತ್ತದೆ. ಊರ ಜಾತ್ರೆಗೆ ಮನೆಮನೆಗೂ ಇಷ್ಟಿಷ್ಟೆಂದು ಗೊತ್ತುಮಾಡುತ್ತಾರೆ, ಆದರೆ ಕೊಡದ ಮನೆಯನ್ನು ಜಪ್ತಿ ಮಾಡುವುದಿಲ್ಲ; ಅಲ್ಲಿಯ ಸ್ಥಿತಿಯೂ ಅದೇ. 1783ರ ಜೂನಿನಲ್ಲಿ ಸಂಬಳ ಬಾಕಿಯಿದ್ದ ಸೈನಿಕರು ಫಿಲಡೆಲ್ಫಿಯಾದ ಸಭಾಭವನವನ್ನು ಸುತ್ತುವರಿದಾಗ, ಕಾಂಗ್ರೆಸ್ ಊರನ್ನೇ ಬಿಟ್ಟು ಪ್ರಿನ್ಸ್‌ಟನ್ನಿಗೆ ಹೋಗಬೇಕಾಯಿತು.

ಹಾಗೆಂದು ‘ಸಡಿಲ ಒಕ್ಕೂಟ’ ಎಂದು ಬರೆಯಲು ಮನಸ್ಸೊಪ್ಪುವುದಿಲ್ಲ. ಆ ಹೆಸರಿನಲ್ಲಿ ಅದು ದುರ್ಬಲವೆಂಬ ತೀರ್ಪೇ ಸೇರಿಬಿಡುತ್ತದೆ. ಬ್ರಿಟನ್ನಿನೊಡನೆ 1783ರ ಶಾಂತಿ ಒಪ್ಪಂದವಾದದ್ದು ಇದೇ ಏರ್ಪಾಟಿನಡಿ. ಓಹಿಯೊ ನದಿಯ ವಾಯವ್ಯ ಪ್ರದೇಶದಲ್ಲಿ ಗುಲಾಮಗಿರಿಯನ್ನು ನಿಷೇಧಿಸಿ, ಅಲ್ಲಿ ಹುಟ್ಟುವ ಹೊಸ ರಾಜ್ಯಗಳಿಗೆ ಹಳೆಯವುಗಳಷ್ಟೇ ಸ್ಥಾನ ಕೊಟ್ಟ 1787ರ ಶಾಸನವೂ ಇದರದೇ.

ಮೂರನೆಯ ವಿಧಿ ಇದನ್ನು ರಾಜ್ಯಗಳ ನಡುವಿನ ದೃಢ ಸ್ನೇಹಬಂಧ ಎನ್ನುತ್ತದೆ. ಅದಕ್ಕೆ ಅಚ್ಚುಕಟ್ಟಾಗಿ ಹೊಂದುವ ‘ಮೈತ್ರಿಕೂಟ’ವನ್ನು ಚುನಾವಣೆಯ ಸುದ್ದಿಗಳು ಆಗಲೇ ತಮ್ಮದಾಗಿಸಿಕೊಂಡಿವೆ. ಆದ್ದರಿಂದ ಕಾನ್ಫೆಡರೇಷನ್ನಿಗೆ ‘ರಾಜ್ಯಕೂಟ’, ಯೂನಿಯನ್ನಿಗೆ ‘ಒಕ್ಕೂಟ’, ಮತ್ತು ರಾಜ್ಯಗಳ ಪ್ರತಿನಿಧಿಗಳೇ ಸಹಿ ಮಾಡಿದ್ದರಿಂದ ಶೀರ್ಷಿಕೆಯ ಮಟ್ಟಿಗೆ ‘ವಿಧಿ’ಯ ಬದಲು ‘ಕರಾರು’ ಎಂದು ಇಟ್ಟುಕೊಂಡಿದ್ದೇನೆ: ‘ರಾಜ್ಯಕೂಟ ಮತ್ತು ಶಾಶ್ವತ ಒಕ್ಕೂಟದ ಕರಾರುಗಳು’. ‘ರಾಜ್ಯಕೂಟ’ ಎಂದಾಗ ‘ಔತಣಕೂಟ’ದಂತೆ ಒಂದು ಹೊತ್ತಿನ ನೆರವಿ ಎಂದು ಕೇಳಿಸುತ್ತದೆಯೇ, ಇದಕ್ಕಿಂತ ಹಳೆಯ, ಬಳಕೆಯಲ್ಲಿದ್ದ ಪದವೇನಾದರೂ ಉಂಟೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.