ಹಳೆ ಚೇತಕ್ ಸ್ಕೂಟರ್‌ಗೆ ಯಾವ ಪ್ಯಾಕಿಂಗ್ (ಜೋಡಣಿ ಸಂದಿ ಸೋರದಂಗ ನಡುವ ಇಡೂ ಗ್ಯಾಸ್ಕೆಟ್) ಸೆಟ್? ಅನುಭವ ಇದ್ದವ್ರು ಹೇಳ್ರಿ

ನಮ್ಮ ಅಪ್ಪಾರ 1994ರ ಚೇತಕ್ ಐತ್ರಿ, ಟೂ ಸ್ಟ್ರೋಕ್. ಬ್ಲಾಕ್ (ಪಿಸ್ಟನ್ ಆಡೂ ಸಿಲಿಂಡರ್) ಬುಡಕ ಆಯಿಲ್ ಜಿನುಗಾಕತ್ತೈತಿ, ಸ್ಲೋ ಸ್ಪೀಡ್ (ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ನಿಧಾನ ಓಡೂದು) ನಿಲ್ಲವಲ್ದು. ಅಂಗಡ್ಯಾಗ ಮೂರು ನಮೂನಿ ಪ್ಯಾಕಿಂಗ್ ಸೆಟ್ ತೋರಿಸಿದ್ರು. ಯಾವ್ದು ತಗೊಳ್ಳಿ? (ಬಾಗಲಕೋಟೆ, ನವನಗರ)

ಅಣ್ಣಾರ, ನಾನು ಬೆಳಗಾವ್ಯಾಂವ, ನಂದೂ ಚೇತಕ್ಕ. ರೇಟ್ ಆಮ್ಯಾಲ ಕೇಳ್ರಿ, ಮೊದಲ ಬ್ಲಾಕ್ ಬುಡದ ಕಾಗದದ ಪ್ಯಾಕಿಂಗ್ ತಗದು ನೋಡ್ರಿ. ನಾ ಹೋದ ವರ್ಷ ಕಣ್ಣು ಮುಚ್ಚಿ ಒಂದು ಸೆಟ್ ತಂದು ಹಾಕಿಸಿದ್ದೆ. ಸೋರೂದು ನಿಂತ್ತು, ಆದ್ರ ಗಾಡಿ ಜೀವಾನ ಹೋತು. ಮೂರನೇ ಗೇರಿನ್ಯಾಗ ಹತ್ತತಿದ್ದ ರಾಜಹಂಸಗಡದ ಏರಿಗೆ ಎರಡನೇದು ಬೇಕಾತು. ಬಿಚ್ಚಿ ನೋಡಿದ್ರ ಹೊಸಾ ಪ್ಯಾಕಿಂಗ್ ಹಳೇದಕ್ಕಿಂತ ಭಾಳ ದಪ್ಪ. ಬ್ಲಾಕ್ ಮ್ಯಾಲೆದ್ರ ಅದರ ಜೋಡಿ ಪೋರ್ಟೂ (ಬ್ಲಾಕಿನ ಗೋಡಿಯೊಳಗ ಗ್ಯಾಸ್ ಹೋಗಿ ಬರೂ ಕಿಂಡಿ) ಮ್ಯಾಲ ಹೋಗ್ತಾವ, ಪಿಸ್ಟನ್ ಇಳಿಯೂವಾಗ ಲಗೂನ ತಗೀತಾವ. ಕಂಪ್ರೆಷನ್ನೂ ಇಳೀತೈತಿ.

ಅದಕ್ಕ ಹಳೇ ಪ್ಯಾಕಿಂಗ್ ಹರದಿದ್ರೂ ಒಗೀಬ್ಯಾಡ್ರಿ. ಚಲೋ ಉಳಿದ ತುಣುಕು ವರ್ನಿಯರ್‌ನ್ಯಾಗ ಹಿಡದು ಅಳೀರಿ. ಒತ್ತಿ ಒತ್ತಿ ಒಂಚೂರು ತೆಳ್ಳಗಾಗಿರ್ತೈತಿ, ಅಷ್ಟು ಲೆಕ್ಕ ಹಿಡೀರಿ. ಆಮ್ಯಾಲ ಹೊಸಾದನ್ನ ಬ್ಲಾಕ್ ಮ್ಯಾಲ ಇಟ್ಟು ನೋಡ್ರಿ: ಕಾಗದದ ಅಂಚು ಪೋರ್ಟಿನ ದಾರಿಯೊಳಗ ಚಾಚಿರಬಾರ್ದು.

ಇನ್ನೊಂದು ಮಾತ್ರೀ. ಸ್ಲೋ ಸ್ಪೀಡ್ ನಿಲ್ಲವಲ್ದು ಅಂದ್ರಲ್ಲ, ಅದು ಬರೇ ಪ್ಯಾಕಿಂಗಿನ ತಪ್ಪಿರಲಿಕ್ಕಿಲ್ಲ. ಟೂ ಸ್ಟ್ರೋಕಿನ ಚೇಂಬರ್ (ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಇರೂ ಕೋಣಿ) ಪಂಪ್ ಇದ್ದಂಗ, ಎಲ್ಲೆ ಸಂದಿ ಸಿಗ್ತೈತಿ ಅಲ್ಲೆ ಗಾಳಿ ಎಳೀತೈತಿ. ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸೂ ಚಕ್ರ) ಬಾಜೂಕಿನ ಆಯಿಲ್ ಸೀಲ್ (ಕ್ರ್ಯಾಂಕಿನ ಸುತ್ತ ಇರೂ ರಬ್ಬರ್ ಬಳಿ) ಹೋದ್ರ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಮ್ಮಿ ಬೀಳ್ತೈತಿ, ಇಂಜಿನ್ ಕಾಯ್ತೈತಿ, ಕಡೀಕ ಪಿಸ್ಟನ್ ಜಾಮ್. ಕ್ಲಚ್ ಬಾಜೂಕಿಂದು ಹೋದ್ರ ಗೇರ್ ಆಯಿಲ್ ಒಳಗ ಎಳಕೊಂಡು ಬಿಳಿ ಹೊಗಿ ಬಿಡ್ತೈತಿ. ಗಾಡಿ ಚಾಲೂ ಇಟ್ಟು ಬ್ಲಾಕ್ ಬುಡಕ ಸಾಬೂನು ನೀರು ಹಚ್ಚಿ ನೋಡ್ರಿ, ಗುಳ್ಳಿ ಎದ್ರ ಅಲ್ಲೇ ಸೋರಾಕತ್ತೈತಿ. ಇಂಜಿನ್ ಪೂರಾ ಬಿಚ್ಚೂ ಹೊತ್ತು ಬಂದ್ರ ಎರಡೂ ಸೀಲ್ ಬದಲಿ ಮಾಡಸ್ರಿ, ಪ್ಯಾಕಿಂಗ್ ಅಷ್ಟ ಹಾಕಿ ಮುಚ್ಚಬ್ಯಾಡ್ರಿ.

ವಿಜಯಪುರದಿಂದ ನಂದೂ ಒಂದೀಟು: ಕಾರ್ಬೋರೇಟರ್ ಕಡೆ ಸಾದಾ ಸಿಲಿಕೋನ್ ಪೇಸ್ಟ್ ಬಳೀಲಿಕ್ಕೆ ಬಿಡಬ್ಯಾಡ್ರಿ. ಪೆಟ್ರೋಲಿಗೆ ಮೆತ್ತಗಾಗಿ ಕಿತ್ತು ಬರ್ತೈತಿ, ಚೂರು ಒಳಗ ಹೋಗ್ತಾವ. ಅಂಟಿದ ಹಳೇ ಕಾಗದ ಕೆರಿಯಾಕ ಸ್ಕ್ರೂ ಡ್ರೈವರ್ ಬ್ಯಾಡ, ಅಲ್ಯೂಮಿನಿಯಂ ಮ್ಯಾಲ ಗೀರು ಬಿದ್ರ ಎಂಥಾ ಪ್ಯಾಕಿಂಗ್ ಹಾಕಿದ್ರೂ ಸೋರ್ತೈತಿ. ನಾ ಬಿದಿರಿನ ಚಕ್ಕಿ ಚೂಪು ಮಾಡಿ ಕೆರೀತೀನಿ, ತಾಸು ಹಿಡೀತೈತಿ ಖರೆ. ಹೆಡ್ಡಿನ (ಬ್ಲಾಕ್ ಮ್ಯಾಲಿನ ಮುಚ್ಚಳದ) ನಾಲ್ಕೂ ನಟ್ ಒಮ್ಮೆಲೇ ಬಿಗೀಬ್ಯಾಡ್ರಿ, ಮೂಲಿಗೆ ಮೂಲಿ ಹಿಡದು ಸ್ವಲ್ಪ ಸ್ವಲ್ಪ ಬಿಗೀರಿ. ಒಂದೆರಡು ದಿನ ಓಡಿಸಿ, ಇಂಜಿನ್ ಪೂರಾ ತಣ್ಣಗಾದ ಮ್ಯಾಲ ಇನ್ನೊಮ್ಮೆ ನೋಡ್ರಿ.