ಅಡ್ಡಗಾಳಿಯಲ್ಲಿ ವಿಮಾನ ಇಳಿಸುವುದು: ಕ್ಯಾಪ್ಟನ್ ಅವರಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕರು: ಹಲವು ವರ್ಷ ಬೋಯಿಂಗ್ 737 ಹಾರಿಸಿ ನಿವೃತ್ತರಾದ ಕ್ಯಾಪ್ಟನ್ ಇಂದು ಸಂಜೆ ಗುಂಪಿನಲ್ಲಿದ್ದಾರೆ. ಮಳೆಗಾಲ ಶುರುವಾಗಿದೆ, ಆದ್ದರಿಂದ ವಿಷಯ ಅಡ್ಡಗಾಳಿ. ದಯವಿಟ್ಟು ವಿಷಯ ಬಿಟ್ಟು ಹೊರಗೆ ಹೋಗಬೇಡಿ.

ಮಂಗಳೂರಿನ ಸದಸ್ಯೆ: ನಮಸ್ಕಾರ ಸರ್. ಕಳೆದ ವಾರ ನಮ್ಮ ವಿಮಾನ ಇನ್ನೇನು ನೆಲ ಮುಟ್ಟುತ್ತದೆ ಎನ್ನುವಾಗ ಭೋರ್ಗರೆದು ಮತ್ತೆ ಮೇಲೇರಿತು. ಪಕ್ಕದಲ್ಲಿದ್ದ ಹಿರಿಯರು ಪೈಲಟ್‌ಗೆ ಅನುಭವ ಸಾಲದು ಎಂದರು. ನಿಜವೇ?

ಕ್ಯಾಪ್ಟನ್: ನಮಸ್ಕಾರ ಮೇಡಂ. ಅದಕ್ಕೆ ಗೋ ಅರೌಂಡ್ ಎನ್ನುತ್ತಾರೆ. ವಿಮಾನ ಇರಬೇಕಾದ ವೇಗದಲ್ಲಿ, ಇರಬೇಕಾದ ಎತ್ತರದಲ್ಲಿ, ರನ್‌ವೇಯ ನಡುಗೆರೆಗೆ ನೇರವಾಗಿ ಇಲ್ಲದಿದ್ದರೆ ಇಳಿಯಬಾರದು. ನಿಮ್ಮ ಪೈಲಟ್ ಸರಿಯಾದ ಕೆಲಸ ಮಾಡಿದ್ದಾರೆ. ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ.

ಹುಬ್ಬಳ್ಳಿಯ ಸದಸ್ಯ: ವಿಮಾನ ಮೂತಿ ಓರೆ ಮಾಡಿಕೊಂಡು ಬರುವುದೇಕೆ? ನೋಡಿದರೆ ರನ್‌ವೇ ಬಿಟ್ಟು ಪಕ್ಕದ ಹೊಲಕ್ಕೆ ಇಳಿಯುವಂತಿರುತ್ತದೆ.

ಕ್ಯಾಪ್ಟನ್: ಹರಿಯುವ ಹೊಳೆಯಲ್ಲಿ ಎದುರುದಡದ ಮೆಟ್ಟಿಲನ್ನೇ ಮುಟ್ಟಬೇಕಾದ ಅಂಬಿಗ ದೋಣಿಯ ಮೂತಿಯನ್ನು ಹರಿವಿನ ಎದುರಿಗೆ ಸ್ವಲ್ಪ ತಿರುಗಿಸಿ ಹುಟ್ಟು ಹಾಕುತ್ತಾನೆ. ಇದೂ ಹಾಗೆಯೇ, ಹೆಸರು ಕ್ರ್ಯಾಬ್. ಮೂತಿ ಗಾಳಿಯ ಕಡೆಗಿದ್ದರೂ ವಿಮಾನ ಸಾಗುವ ದಾರಿ ನಡುಗೆರೆಯ ಮೇಲೆಯೇ ಇರುತ್ತದೆ. ಚಕ್ರ ಮುಟ್ಟುವ ಮುನ್ನ ಕಾಲಿನಿಂದ ರಡರ್, ಅಂದರೆ ಬಾಲದಲ್ಲಿರುವ ತಿರುಗುವ ಹಲಗೆಯ ಪೆಡಲ್, ಒತ್ತಿ ಮೂತಿಯನ್ನು ನೇರ ಮಾಡುತ್ತೇವೆ. ಹಾಗೆ ಮಾಡಿದ ಕೂಡಲೇ ಗಾಳಿ ಬದಿಯ ರೆಕ್ಕೆ ಏಳಲು ನೋಡುತ್ತದೆ. ಕೈಯಿಂದ ಏಲೆರಾನ್, ಅಂದರೆ ರೆಕ್ಕೆಯನ್ನು ಏಳಿಸಿ ಇಳಿಸುವ ಹಿಂಬದಿಯ ಹಲಗೆ, ತಿರುಗಿಸಿ ಅದನ್ನು ತಗ್ಗಿಸಿ ಹಿಡಿಯಬೇಕು. ಕಾಲೊಂದು ಕಡೆ, ಕೈ ಇನ್ನೊಂದು ಕಡೆ. 747ರಂಥ ವಿಮಾನದಲ್ಲಿ ರೆಕ್ಕೆಯನ್ನು ಹೆಚ್ಚು ತಗ್ಗಿಸಿದರೆ ಎಂಜಿನ್ ನೆಲಕ್ಕೆ ತಾಗುತ್ತದೆ, ಆದ್ದರಿಂದ ಒಂದಷ್ಟು ಓರೆಯನ್ನು ಉಳಿಸಿಕೊಂಡೇ ಇಳಿಸುವುದುಂಟು. ಅಮೆರಿಕದ ಬಿ-52 ಬಾಂಬರ್‌ನಲ್ಲಿ ಚಕ್ರಗಳನ್ನೇ ಓರೆಗೆ ತಿರುಗಿಸುವ ಏರ್ಪಾಡಿದೆ.

ತುಮಕೂರಿನ ಸದಸ್ಯ: ಎಷ್ಟು ಗಾಳಿಯವರೆಗೆ ಇಳಿಯಬಹುದು ಸರ್?

ಕ್ಯಾಪ್ಟನ್: ಪರೀಕ್ಷಾ ಹಾರಾಟದಲ್ಲಿ ಇಳಿಸಿ ತೋರಿಸಿರುವುದು 737-800ರಲ್ಲಿ 33 ನಾಟ್, ಏರ್‌ಬಸ್ ಎ320ಯಲ್ಲಿ 33, ಬೀಸು (ಗಾಳಿಯ ದಿಢೀರ್ ರಭಸ) ಸೇರಿ 38. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಇದು ಒಟ್ಟು ಗಾಳಿಯಲ್ಲ, ರನ್‌ವೇಗೆ ಅಡ್ಡವಾಗಿ ಬೀಳುವ ಪಾಲು ಮಾತ್ರ. ಗಾಳಿ 30 ಡಿಗ್ರಿ ಓರೆಯಲ್ಲಿದ್ದರೆ ಅರ್ಧ, 90 ಆದರೆ ಪೂರ್ತಿ. ರನ್‌ವೇ ಒದ್ದೆಯಾಗಿದ್ದರೆ ಇನ್ನೂ ಕಡಿಮೆ.

ಮೈಸೂರಿನ ಸದಸ್ಯ: ಸರ್, ಈ ಸಂದೇಶ ಬಂದಿದೆ, ಎಲ್ಲರಿಗೂ ಉಪಯುಕ್ತ: "ವಿಮಾನ ಓರೆಯಾಗಿ ಇಳಿಯುವಾಗ ಸೀಟ್ ಬೆಲ್ಟ್ ಬಿಚ್ಚಿ ಪಾದಗಳನ್ನು ಮೇಲೆತ್ತಿ ಕುಳಿತುಕೊಳ್ಳಿ. ಬೆಂಕಿ ಹತ್ತಿದರೆ ಬೇಗ ಓಡಬಹುದು. ಹತ್ತು ಗುಂಪುಗಳಿಗೆ ಕಳುಹಿಸಿ."

ಕ್ಯಾಪ್ಟನ್: ಒಂದು ಗುಂಪಿಗೂ ಕಳುಹಿಸಬೇಡಿ. ಬೆಲ್ಟ್ ಬಿಚ್ಚಿದವನು ಓಡುವುದಿಲ್ಲ, ಮುಂದಿನ ಸೀಟಿಗೆ ಮುಖ ಒಡೆದುಕೊಳ್ಳುತ್ತಾನೆ. ಬೆಲ್ಟ್ ಸೊಂಟದ ಕೆಳಭಾಗಕ್ಕೆ ಬಿಗಿಯಾಗಿರಲಿ, ಪಾದ ನೆಲದ ಮೇಲಿರಲಿ. ಇದನ್ನು ಬರೆದವನು ವಿಮಾನವನ್ನು ಚಿತ್ರದಲ್ಲಿ ನೋಡಿರಬೇಕು.

ಮೈಸೂರಿನ ಸದಸ್ಯ: ಬಂದದ್ದನ್ನು ಹಾಕಿದೆ ಅಷ್ಟೇ ಸರ್.

ತರಬೇತಿ ವಿದ್ಯಾರ್ಥಿ: ಸರ್, ನಾನು ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಕಲಿಯುತ್ತಿದ್ದೇನೆ. ನಾಳೆ ಒಬ್ಬನೇ ಹಾರುವ ಸರದಿ. ರನ್‌ವೇ 09, ಮುನ್ಸೂಚನೆಯಲ್ಲಿ ಗಾಳಿ 140ರಿಂದ 16 ನಾಟ್, ಬೀಸು 24. ಕೈಪಿಡಿಯಲ್ಲಿ ಅಡ್ಡಗಾಳಿಗೆ ಹೇಳಿರುವ 15 ನಾಟ್ ಕಡ್ಡಾಯ ಮಿತಿಯಲ್ಲ, ಧೈರ್ಯವಾಗಿ ಹೋಗು ಎಂದು ಸೀನಿಯರ್ ಹೇಳಿದರು. ನಮ್ಮ ಗುಂಪಿನಲ್ಲಿ ಇನ್ನೊಂದು ಸಲಹೆ ಬಂದಿದೆ: 20 ನಾಟ್ ಹೆಚ್ಚು ವೇಗದಲ್ಲಿ ಬಂದು, ಮೂತಿ ಒತ್ತಿ ನೆಲಕ್ಕೆ ಕೂರಿಸಿದರೆ ಗಾಳಿ ಎಳೆಯುವುದಿಲ್ಲವಂತೆ.

ಕ್ಯಾಪ್ಟನ್: ತಮ್ಮಾ, ಉಳಿದ ಪ್ರಶ್ನೆಗಳು ಕಾಯಲಿ.

ಮೊದಲು ಲೆಕ್ಕ. ರನ್‌ವೇ 09 ಎಂದರೆ ದಿಕ್ಸೂಚಿಯ 90 ಡಿಗ್ರಿ ದಿಕ್ಕು, ಗಾಳಿ 140 ಡಿಗ್ರಿಯಿಂದ, ನಡುವೆ 50 ಡಿಗ್ರಿ. ಅಡ್ಡ ಪಾಲು 12 ನಾಟ್, ಬೀಸಿನಲ್ಲಿ 18. ಆ 15 ಕಡ್ಡಾಯವಲ್ಲ ಎಂಬುದು ನಿಜ. ಆದರೆ ಅದನ್ನು ಇಳಿಸಿ ತೋರಿಸಿದವನು ತಯಾರಕರ ಪರೀಕ್ಷಾ ಪೈಲಟ್, ನೀನಲ್ಲ. ನಿನ್ನ ಮಿತಿ ಬೋಧಕರು ನಿನ್ನ ಹಾರಾಟ ಪುಸ್ತಕದಲ್ಲಿ ಸಹಿ ಮಾಡಿರುವಷ್ಟು.

ಆ ಸಲಹೆಯಂತೆ ಮಾಡಿದರೆ ಮೂತಿಯ ಚಕ್ರ ಮೊದಲು ಮುಟ್ಟುತ್ತದೆ. ವಿಮಾನ ಪುಟಿಯುತ್ತದೆ, ನೀನು ಮತ್ತೆ ಒತ್ತುತ್ತೀಯೆ, ಇನ್ನೂ ಜೋರಾಗಿ ಪುಟಿಯುತ್ತದೆ. ಎರಡು ಮೂರು ನೆಗೆತದೊಳಗೆ ಪ್ರೊಪೆಲರ್ ನೆಲಕ್ಕೆ. ಬೀಸುಗಾಳಿಗೆ ವೇಗ ಸೇರಿಸುವುದು ಸರಿ. ಆದರೆ ಬೀಸಿನ ಹೆಚ್ಚಳದ ಅರ್ಧ, ಇಲ್ಲಿ 4 ನಾಟ್, 20 ಅಲ್ಲ. ಫ್ಲ್ಯಾಪ್‌ನ (ನಿಧಾನ ವೇಗದಲ್ಲಿ ಇಳಿಯಲು ರೆಕ್ಕೆಯಿಂದ ಕೆಳಗಿಳಿಸುವ ಹಲಗೆ) ವಿಷಯ ನೀನು ಕೇಳಲಿಲ್ಲ, ಹೇಳಿಬಿಡುತ್ತೇನೆ: ಜೋರು ಅಡ್ಡಗಾಳಿಯಲ್ಲಿ ರನ್‌ವೇಯ ಉದ್ದಕ್ಕೆ ಸಾಕಾಗುವ ಕನಿಷ್ಠ ಫ್ಲ್ಯಾಪ್ ಬಳಸು ಎಂದು ಸೆಸ್ನಾ ಕೈಪಿಡಿಯಲ್ಲೇ ಇದೆ.

ಗಾಳಿ ನಿನ್ನ ಬಲದಿಂದ. ಎಡ ರಡರ್‌ನಿಂದ ಮೂತಿ ನೇರ, ಬಲ ರೆಕ್ಕೆ ತಗ್ಗು. ಬಲ ಚಕ್ರ ಮೊದಲು, ಆಮೇಲೆ ಎಡ, ಕೊನೆಗೆ ಮೂತಿ. ಹೊಸಬರು ಎಡವುವುದು ಇದರ ನಂತರ. ಮುಟ್ಟಿದೆ ಎಂದು ಉಸಿರು ಬಿಟ್ಟು ಕೈ ಸಡಿಲಿಸುತ್ತಾರೆ. ವೇಗ ಇಳಿದಂತೆ ಏಲೆರಾನ್‌ನ ಬಲ ಕುಗ್ಗುತ್ತದೆ, ಗಾಳಿಯದ್ದು ಕುಗ್ಗುವುದಿಲ್ಲ. ಆದ್ದರಿಂದ ಬಲಕ್ಕೆ ಇನ್ನೂ ಹೆಚ್ಚಿಸುತ್ತಾ ಹೋಗಬೇಕು, ವಿಮಾನ ನಿಧಾನವಾಗುವಷ್ಟರಲ್ಲಿ ಪೂರ್ತಿ ತಿರುಗಿರಬೇಕು. ರಡರ್ ಪೂರ್ತಿ ಒತ್ತಿಯೂ ಮೂತಿ ನೇರವಾಗದಿದ್ದರೆ ಆ ಗಾಳಿ ನಿನ್ನ ವಿಮಾನಕ್ಕೆ ಹೆಚ್ಚು. ಮೇಲೇರು, ಬೇರೆ ರನ್‌ವೇ ಹುಡುಕು.

ನಾಳೆ ಒಬ್ಬನೇ ಹೋಗಬೇಡ. ಬೋಧಕರಿಗೆ ಈಗಲೇ ಫೋನ್ ಮಾಡು.

ಕಾರ್ಕಳದ ಸದಸ್ಯ: 2010ರ ಮಂಗಳೂರಿನ ವಿಮಾನ ದುರಂತದಲ್ಲಿ ಆದದ್ದೂ ಇದೇ. ಗುಡ್ಡದ ಮೇಲಿನ ರನ್‌ವೇ, ಅಡ್ಡಗಾಳಿ ಎತ್ತಿ ಎಸೆಯಿತು.

ಬೆಂಗಳೂರಿನ ಸದಸ್ಯ: ತಪ್ಪು. ಅಂದು ಗಾಳಿಯೇ ಇರಲಿಲ್ಲ. ವಿಮಾನ ಎತ್ತರದಲ್ಲಿತ್ತು, ರನ್‌ವೇಯ ಬಹುಭಾಗ ದಾಟಿ ಮುಟ್ಟಿತು. ಇಳಿಯುವುದನ್ನು ಕೈಬಿಡದೆ ಹೋದದ್ದೇ ಕಾರಣ ಎಂದು ತನಿಖೆ ಹೇಳಿದೆ.

ಕಾರ್ಕಳದ ಸದಸ್ಯ: ನಾವು ಇಲ್ಲಿಯೇ ಇರುವವರು. ನಮಗೆ ನೀವು ಪಾಠ ಹೇಳಬೇಕೇ?

ಬೆಂಗಳೂರಿನ ಸದಸ್ಯ: ಹತ್ತಿರ ಇದ್ದ ಮಾತ್ರಕ್ಕೆ ವರದಿ ಓದಿದಂತಾಗುವುದಿಲ್ಲ.

ಕಾರ್ಕಳದ ಸದಸ್ಯ: ಹಾಗಾದರೆ ಕೋಯಿಕ್ಕೋಡ್?

ಕ್ಯಾಪ್ಟನ್: 2020ರ ಕೋಯಿಕ್ಕೋಡ್ ವಿಮಾನ ದುರಂತದಲ್ಲಿ ಇದ್ದದ್ದು ಹಿಂಗಾಳಿ ಮತ್ತು ಮಳೆ. ಮಂಗಳೂರಿನಲ್ಲಿ 158 ಜನ ಸತ್ತಿದ್ದಾರೆ, ಅದನ್ನು ಊರಿನ ಪ್ರತಿಷ್ಠೆಯ ಜಗಳ ಮಾಡಬೇಡಿ.

ಹಾಸನದ ಸದಸ್ಯ: ಪೈಲಟ್ ತರಬೇತಿಗೆ ಎಷ್ಟು ಖರ್ಚಾಗುತ್ತದೆ ಸರ್? ಮಗ ಪಿಯುಸಿ.

ದಾವಣಗೆರೆಯ ಸದಸ್ಯ: ಎಷ್ಟು ನಾಟ್ ಗಾಳಿಯವರೆಗೆ ಇಳಿಯಬಹುದು?

ಕ್ಯಾಪ್ಟನ್: ಮೇಲೆ ಇದೆ.

ಧಾರವಾಡದ ಸದಸ್ಯೆ: ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವಿಮಾನದ ರೆಕ್ಕೆ ನೆಲಕ್ಕೆ ಉಜ್ಜಿದ ವಿಡಿಯೊ ನೋಡಿದ್ದೇನೆ. ಅಲ್ಲಿ ಏನಾಯಿತು?

ಕ್ಯಾಪ್ಟನ್: ಒಳ್ಳೆಯ ಪ್ರಶ್ನೆ. 2008ರ ಮಾರ್ಚ್ 1, ಚಂಡಮಾರುತದ ದಿನ, ಎ320, 137 ಜನ. ರನ್‌ವೇ 23, ಗಾಳಿ ಬಲದಿಂದ, ಬೀಸು 47 ನಾಟ್‌ವರೆಗೆ. ಬಲ ರೆಕ್ಕೆ ಎದ್ದಿತು, ಎಡ ರೆಕ್ಕೆಯ ತುದಿ ನೆಲಕ್ಕೆ ತಾಗಿತು. ಪೈಲಟ್‌ಗಳು ಮೇಲೇರಿ ರನ್‌ವೇ 33ರಲ್ಲಿ ಇಳಿಸಿದರು, ಯಾರಿಗೂ ಗಾಯವಿಲ್ಲ. ನನ್ನನ್ನು ಹಿಡಿದಿಟ್ಟದ್ದು ವರದಿಯ ಒಂದು ಅಂಶ. ಎಡ ಚಕ್ರ ಮುಟ್ಟಿದೊಡನೆ ಕಂಪ್ಯೂಟರ್ ವಿಮಾನ ನೆಲದಲ್ಲಿದೆ ಎಂದು ಎಣಿಸಿ ಏಲೆರಾನ್‌ನ ಪ್ರಭಾವವನ್ನು ಕುಗ್ಗಿಸಿತು. ಪೈಲಟ್‌ಗೆ ಅದು ಬೇಕಾದದ್ದೇ ಆ ಹೊತ್ತಿನಲ್ಲಿ. 33ರ ದಿಕ್ಕು ಗಾಳಿಗೆ ಹೆಚ್ಚು ನೇರವಾಗಿತ್ತು, ಮೊದಲೇ ಅದನ್ನು ಕೇಳಬಹುದಿತ್ತು.

ಬೆಂಗಳೂರಿನ ಸದಸ್ಯ: ಅದಕ್ಕೇ ಪೂರ್ತಿ ಕಂಪ್ಯೂಟರ್‌ಗೆ ಬಿಟ್ಟರೆ ಮನುಷ್ಯನ ತಪ್ಪೇ ಇರುವುದಿಲ್ಲ.

ಕಾರ್ಕಳದ ಸದಸ್ಯ: ಇವರು ಈಗ ಕ್ಯಾಪ್ಟನ್ ಅವರಿಗೂ ಕಲಿಸುತ್ತಾರೆ.

ಕ್ಯಾಪ್ಟನ್: ಎ320 ತಾನಾಗಿಯೇ ಇಳಿಯಲು ಅಡ್ಡಗಾಳಿಯ ಮಿತಿ 20 ನಾಟ್. ಅದಕ್ಕಿಂತ ಹೆಚ್ಚಾದರೆ ಕೈಯಿಂದಲೇ ಇಳಿಸಬೇಕು. ಮೇಲೆ ಬರೆದದ್ದನ್ನು ಓದಿದ್ದೀರಿ ತಾನೆ?

ದಾವಣಗೆರೆಯ ಸದಸ್ಯ: ಮೇಲೆ ಎಂದರೆ ಎಲ್ಲಿ? ಸಿಗುತ್ತಿಲ್ಲ. ಉತ್ತರ ಹೇಳಲು ಇಷ್ಟವಿಲ್ಲದಿದ್ದರೆ ಬಂದದ್ದೇಕೆ?

ನಿರ್ವಾಹಕರು: ದಯವಿಟ್ಟು ಸಂಯಮ ಇರಲಿ.

ಹಾಸನದ ಸದಸ್ಯ: ಖರ್ಚಿನ ಬಗ್ಗೆ ಕೇಳಿದ್ದೆ ಸರ್.

ತರಬೇತಿ ವಿದ್ಯಾರ್ಥಿ: ಸರ್, ಬೋಧಕರ ಜೊತೆ ಮಾತನಾಡಿದೆ. ಒಬ್ಬನೇ ಹಾರುವುದನ್ನು ಮುಂದಕ್ಕೆ ಹಾಕಿದ್ದಾರೆ. ಬೆಳಿಗ್ಗೆ ಆರಕ್ಕೆ ಗಾಳಿ ಕಡಿಮೆ ಇರುತ್ತದೆ, ಆಗ ಜೊತೆಯಲ್ಲಿ ಹೋಗೋಣ ಎಂದರು.

ಕ್ಯಾಪ್ಟನ್: ಸರಿ. ಆದರೆ ಆರರ ಗಾಳಿಯಲ್ಲಿ ಏನು ಕಲಿಯುತ್ತೀಯೆ? ಅಡ್ಡ ಪಾಲು ಹತ್ತರ ಸುಮಾರಿಗೆ ಬಂದಾಗ ಜೊತೆಯಲ್ಲಿ ಕುಳಿತು ರನ್‌ವೇ ಸುತ್ತ ಹಾರಿ ಮತ್ತೆ ಮತ್ತೆ ಇಳಿಯುವ ಸುತ್ತು ಹಾಕಿಸಿ ಎಂದು ಕೇಳು. ಮುಟ್ಟಿದ ಮೇಲೆ ನಿನ್ನ ಕೈ ಎಲ್ಲಿದೆ ಎಂದು ನೋಡಲು ಅವರಿಗೆ ಹೇಳು.